ಉಡಿಗೆ ಬಿದ್ದ ವಿಮಾನ

ಆ ದಿನಗಳಲ್ಲಿ ನಮಗೆ ವಿಮಾನವೆಂದರೆ ಮಸ್ಕಿ ಗುಡ್ಡದ ನೆತ್ತಿಯ ಮೇಲೆ, ಬಹಳ ಎತ್ತರದಲ್ಲಿ, ಸುಣ್ಣದಲ್ಲಿ ಎಳೆದ ಹಾಗೆ ಕಾಣುವ ಒಂದು ಬಿಳಿ ಗೆರೆ. ಈಗಿನ ಮಕ್ಕಳು ಫೋನಿನಲ್ಲೇ ವಿಮಾನ ಹಾರಿಸುತ್ತಾರೆ, ಇಳಿಸುತ್ತಾರೆ, ಬೇಜಾರಾದರೆ ಬೀಳಿಸುತ್ತಾರೆ. ನಾವು ಕುಂಟಾಬಿಲ್ಲೆ ಆಡುತ್ತಿದ್ದವರು ಸದ್ದು ಕೇಳಿದೊಡನೆ ಒಂಟಿ ಕಾಲಲ್ಲೇ ನಿಂತು "ಇಮಾನ, ಇಮಾನ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆವು. ಅಂಥ ವಿಮಾನ ಒಂದು ದಿನ ನಮ್ಮ ಪಡಸಾಲೆಯಲ್ಲಿ, ನಮ್ಮ ಗೌರತ್ತಿಯ ಉಡಿಯೊಳಗೆ ಬಂದು ಬಿತ್ತು. ಬಿದ್ದದ್ದೇ ತಡ, ಎಳ್ಳಮಾಸಿಯವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಯಾವುದು ಸರಿ, ಯಾವುದು ತಪ್ಪು ಎಂದು ತಿಳಿಯಲಿಲ್ಲ. ನನಗಂತೂ ಇವತ್ತಿಗೂ ಪೂರ್ತಿ ತಿಳಿದಿಲ್ಲ.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಎಂದರೆ ನಮ್ಮ ಕಡೆಯವರಿಗೆ ಬಾಯಲ್ಲಿ ನೀರು ಬರುತ್ತದೆ. ಹೊಲದಲ್ಲಿ ಜೋಳ ಎದೆಯುದ್ದ ನಿಂತಿರುತ್ತದೆ, ಕಡಲೆ ಗಿಡ ಹುಳಿಹುಳಿ ಹಸಿರಾಗಿರುತ್ತದೆ, ಬುತ್ತಿ ಕಟ್ಟಿಕೊಂಡು ಹೋಗಿ ಭೂಮಿತಾಯಿಗೆ ಮೊದಲ ತುತ್ತನ್ನು ಚರಗವೆಂದು ಚೆಲ್ಲಿ, ಬದುವಿನ ಮೇಲೆ ಕೂತು ಉಣ್ಣುತ್ತೇವೆ. ಹಬ್ಬಕ್ಕೆ ಇನ್ನೂ ದಿನಗಳಿರುವಾಗಲೇ ಅವ್ವ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿ ಬಡಿದು ಒಣಗಲು ಇಡುತ್ತಿದ್ದಳು. ಮನೆ ತುಂಬ ಹುರಿದ ಎಳ್ಳು, ಶೇಂಗಾದ ವಾಸನೆ. ಶಾಲೆಯಿಂದ ಬಂದವಳು ಪಾಟಿಚೀಲ ಎಸೆದು ಮೊದಲು ಮೂಗು ಎಳೆದ ಕಡೆಗೆ ಓಡುತ್ತಿದ್ದೆ. ನಾನು ಆಗ ನಾಲ್ಕನೇ ತರಗತಿ.

ಮನೆಯಲ್ಲಿ ನಾವು ಐವರು. ಅಪ್ಪ, ಅವ್ವ, ನಾನು, ಅಪ್ಪನ ತಾಯಿ ಆಯಿ, ಮತ್ತೆ ಅಪ್ಪನ ಕೊನೆಯ ತಂಗಿ ಗೌರತ್ತಿ. ಅಪ್ಪನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಬೀಜ-ಗೊಬ್ಬರದ ಅಂಗಡಿಯಿತ್ತು. ಆದರೆ ಅಂಗಡಿ ಅಪ್ಪನದು, ಮನೆ ಆಯಿಯದು. ಆಯಿ ಹೂಂ ಎನ್ನದೆ ನಮ್ಮ ಮನೆಯ ಬೆಕ್ಕು ಕೂಡ ಹಾಲು ಕುಡಿಯುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಗೌರತ್ತಿಗೆ ಲಿಂಗಸುಗೂರಿನ ಸಂಬಂಧ ಬಂತು. ತಂದವನು ಪಾಮನಕಲ್ಲೂರಿನ ಮಾವ. ಆತನಿಗೆ ಮಾತು ಕಡಿಮೆ, ಅವಸರ ಜಾಸ್ತಿ. "ಹುಡುಗ ಶರಣಬಸವ ಅಂತ. ಇಮಾನದಾಗ ಅದಾನ. ತಂದಿ ಇಲ್ಲ, ತಾಯಿ ಸಣ್ಣ ಅಂಗಡಿ ಇಟ್ಟಾಳ. ಒಳ್ಳೆ ಮಂದಿ," ಎಂದು ಹೇಳಿ ಚಹಾ ಕುಡಿದು ಎದ್ದುಬಿಟ್ಟ. ಅಪ್ಪ ವಾಯುಸೇನೆ, ಸರ್ಕಾರಿ ನೌಕರಿ ಎಂದು ಹಿಗ್ಗಿದ. ಹುಡುಗ ಬಂದ, ನೋಡಿದ, ಎಲ್ಲ ಕೂಡಿಬಂತು. ಆತನ ರಜೆ ಮುಗಿಯುವುದರೊಳಗೆ ಉಡಿ ತುಂಬಿ ಮಾತು ಗಟ್ಟಿ ಮಾಡೋಣ ಎಂದಾಯಿತು.

ಉಡಿ ತುಂಬುವ ದಿನ ಗೌರತ್ತಿ ಗಿಳಿಹಸಿರು ಇಳಕಲ್ ಸೀರೆ ಉಟ್ಟು, ಸೆರಗನ್ನು ಮಡಿಲಾಗಿ ಹಿಡಿದು ಮಣೆಯ ಮೇಲೆ ಕೂತಿದ್ದಳು. ಬೀಗರ ಕಡೆಯ ಹೆಂಗಸರು ಒಬ್ಬೊಬ್ಬರಾಗಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಎಲೆ ಅಡಿಕೆ ಹಾಕಿದರು. ಕೊನೆಗೆ ಹುಡುಗನ ತಾಯಿ ನೀಲಮ್ಮ. ಸಣ್ಣ ಮೈಯ, ಹೆಚ್ಚು ಮಾತಾಡದ ಹೆಂಗಸು. ಗಂಡ ತೀರಿದ ತಾನು ಉಡಿ ತುಂಬಬಾರದೆಂದು ಹಿಂದೆ ನಿಂತಿದ್ದಳು. "ತಾಯಿ ಮುಟ್ಟಿದ್ದ ಶುಭ, ಬರ್ರಿ," ಎಂದು ಕರೆದವಳು ನಮ್ಮ ಆಯಿಯೇ. ನೀಲಮ್ಮ ಸೊಂಟದ ಚೀಲದಿಂದ ಏನೋ ತೆಗೆದು, ಕಣ್ಣಿಗೊತ್ತಿಕೊಂಡು ಗೌರತ್ತಿಯ ಉಡಿಯಲ್ಲಿ ಹಾಕಿ ಸರಿದುಕೊಂಡಳು. ಟಣ್ ಎಂದು ಕೊಬ್ಬರಿ ಬಟ್ಟಲಿಗೆ ಬಡಿದ ಸದ್ದು ನನಗೆ ಕೇಳಿಸಿತು.

ಬೀಗರು ಹೋದ ಮೇಲೆ ಉಡಿ ಬಿಚ್ಚಿದರು. ಅಕ್ಕಿಯ ನಡುವೆ ನನ್ನ ಅಂಗೈಯ ಅಗಲದ ಒಂದು ನಾಣ್ಯ. ಬೆಳ್ಳಿಯಂತೆ ಹೊಳಪು. ಒಂದು ಬದಿ ಸಿಂಹದ ಮುದ್ರೆ, ಕೆಳಗೆ ನೂರು ಎಂಬ ಅಂಕಿ. ಇನ್ನೊಂದು ಬದಿ ಮೂಗು ಚೂಪಾಗಿ, ರೆಕ್ಕೆ ಹಿಂದಕ್ಕೆ ಮಡಿಸಿದ ಏನೋ ಒಂದು. ಅದರ ಗೆರೆಗಳ ಸಂದಿಯಲ್ಲಿ ಬೆಳ್ಳಗೆ ಪುಡಿ ಕೂತಿತ್ತು.

ಆಯಿ ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು. "ಯವ್ವಾ, ಇದರಾಗ ಹದ್ದು ಐತಲ್ಲಬೇ!"

"ಹದ್ದಲ್ಲ ಅತ್ತಿ, ಇಮಾನ," ಎಂದಳು ಅವ್ವ.

ಅಷ್ಟಕ್ಕೆ ನಿಂತಿದ್ದರೆ ಒಳ್ಳೆಯದಿತ್ತು. ಅಪ್ಪನಿಗೆ ಬಾಯಿ ಮುಚ್ಚಿಕೊಂಡಿರುವುದು ಯಾವತ್ತೂ ಬರಲಿಲ್ಲ. "ಸಾದಾ ಇಮಾನ ಅಲ್ಲವ್ವ, ಯುದ್ಧದ್ದು. ಬಾಂಬ್ ಹಾಕೋದು!" ಎಂದು ಹೆಮ್ಮೆಯಿಂದ ಹೇಳಿದ. ಅವ್ವ ಆತನನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಆಯಿ ನಾಣ್ಯವನ್ನು ಅಕ್ಕಿಯ ಮೇಲೆ ಇಟ್ಟು ಕೈ ಒರೆಸಿಕೊಂಡಳು.

"ಬಾಂಬ್ ಹಾಕೋದನ್ನ ಹೆಣ್ಣಮಗಳ ಉಡ್ಯಾಗ ಹಾಕ್ಯಾರ?"

ಗೌರತ್ತಿ ಮಾತ್ರ ತಲೆ ತಗ್ಗಿಸಿ ನಾಣ್ಯವನ್ನು ಸೆರಗಿನಿಂದ ಮೆಲ್ಲಗೆ ಒರೆಸುತ್ತಿದ್ದಳು. ಅವಳ ಮುಖದಲ್ಲಿ ನಗುವಿತ್ತು. ಒಂದೇ ವಸ್ತುವನ್ನು ನೋಡಿ ಆಯಿ ಹೆದರಿದ್ದೇಕೆ, ಗೌರತ್ತಿ ನಕ್ಕಿದ್ದೇಕೆ, ನನಗೆ ತಲೆಬುಡ ತಿಳಿಯಲಿಲ್ಲ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ. ಉಡಿಗೆ ಬಿದ್ದ ರೊಕ್ಕವನ್ನು ಪೆಟ್ಟಿಗೆಯಲ್ಲಿ ಇಡುವ ಹಾಗಿಲ್ಲ. ಮುಂದಿನ ಅಮಾವಾಸ್ಯೆಯೊಳಗೆ ಅದನ್ನು ಅಂಗಡಿಯಲ್ಲಿ ಕೊಟ್ಟು ಸಕ್ಕರೆ ತಂದು ಐದು ಮನೆಗೆ ಹಂಚಬೇಕು. ಸ್ವಂತದವರ ಅಂಗಡಿ ಆಗದು. ಹೆಣ್ಣು ಹೋಗುವ ಮನೆಯಿಂದ ಬಂದದ್ದು ಮೊದಲು ಊರಿನ ಬಾಯಿ ಸಿಹಿ ಮಾಡಬೇಕು, ಆಮೇಲೆ ಮದುವೆಯ ಮಾತು. ಆಯಿಯ ಉಡಿಯ ರೊಕ್ಕ ಹಾಗೆ ಹೋಗಿತ್ತು, ಅವ್ವನದೂ ಹೋಗಿತ್ತು. ಮರುದಿನ ಆಯಿ ಕಡ್ಡಿ ಮುರಿದಂತೆ ಹೇಳಿದಳು: "ಎಳ್ಳಮಾಸಿ ಒಳಗ ಈ ರೊಕ್ಕ ಸಕ್ಕರಿ ಆತಂದ್ರ ಮದುವಿ. ಇಲ್ಲಂದ್ರ ಉಡಿ ಸಾಮಾನು ಕಟ್ಟಿ ವಾಪಸ್ ಕಳಸ್ತೀನಿ. ನನ್ನ ಮಗಳು ನನಗ ಭಾರ ಆಗಿಲ್ಲ."

ನಾವು, ಅಂದರೆ ಆಯಿ ಮತ್ತು ನಾನು, ಮೊದಲು ಹೋದದ್ದು ನಮ್ಮ ಓಣಿಯ ತುದಿಯ ಕಿರಾಣಿ ಅಂಗಡಿಗೆ. ಆ ಶೆಟ್ಟರಿಗೆ ಆಯಿಯೆಂದರೆ ಗೌರವವೂ ಇತ್ತು, ಹೆದರಿಕೆಯೂ ಇತ್ತು. ನಾಣ್ಯವನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದರು: "ನೂರು ರೂಪಾಯಿದು ಬಿಲ್ಲೆ ಎಲ್ಲೈತ್ರಿ ಆಯಿ? ನಾ ಹುಟ್ಟಿದಾಗಿಂದ ನೋಡಿಲ್ಲ. ಹತ್ತರ ಬಿಲ್ಲೆನ ಮಂದಿ ವಲ್ಲೆ ಅಂತಾರ, ಇದನ್ನ ಯಾರಿಗೆ ಕೊಡ್ಲಿ? ಸಕ್ಕರಿ ಹಂಗ ಒಯ್ಯಿರಿ, ರೊಕ್ಕ ಬ್ಯಾಡ."

"ಪುಕ್ಕಟ ಸಕ್ಕರಿ ಉಡಿಗೆ ಆಗಂಗಿಲ್ಲ," ಎಂದು ಆಯಿ ನಾಣ್ಯ ಕಿತ್ತುಕೊಂಡು ಬಂದಳು.

ಆಗ ಅಪ್ಪ ಬುದ್ಧಿ ಹೇಳಿದ, ಬ್ಯಾಂಕಿನಲ್ಲಿ ತೋರಿಸಿ ನೋಟು ತಗೊಂಡರಾಯಿತು ಎಂದು. ನೋಟು ಬದಲಾದರೂ ಉಡಿಯ ರೊಕ್ಕವೇ ಎಂದು ಆಯಿಯನ್ನು ಒಪ್ಪಿಸಿದ. ಮೂವರೂ ಹೋದೆವು. ಬ್ಯಾಂಕಿನ ಹುಡುಗ ಒಳ್ಳೆಯವನು, ಎದ್ದು ಬಂದು ಕುರ್ಚಿ ಕೊಟ್ಟ.

"ಖರೇದ ಐತ್ರಿ ಆಯಿ, ಸರ್ಕಾರದ್ದ."

"ಹಂಗಾರ ಒಂದು ನೋಟು ಕೊಡು ಯಪ್ಪಾ."

"ಅದಕ್ಕ ನೋಟು ಕೊಡಾಕ ಬರಂಗಿಲ್ರಿ. ಇದು ಅಂಗಡಿಗೆ ಕೊಡೋದಲ್ಲ. ನೆನಪಿಗೆ ಅಂತ ಮಾಡಿದ್ದು. ಮನ್ಯಾಗ ಇಟ್ಕೋಬೇಕು."

"ಯಾರ ನೆನಪಿಗೆ?"

ಹುಡುಗ ತಡವರಿಸಿದ. "ಇಮಾನದ ನೆನಪಿಗೆ."

ಆಯಿಯ ಮುಖ ಬಿಳಿಚಿಕೊಂಡಿತು. "ನೆನಪಿಗೆ ಅಂದ್ರ ಸತ್ತೋರಿಗೆ ಅಲ್ಲೇನೋ? ಆ ಇಮಾನ ಬಿದ್ದೈತೇನು?"

ಹುಡುಗ ನಕ್ಕುಬಿಟ್ಟ. ನಗಬಾರದಿತ್ತು. ಆಯಿ ನಾಣ್ಯವನ್ನು ಸೆರಗಿಗೆ ಕಟ್ಟಿಕೊಂಡು ಎದ್ದು ಬಿರಬಿರನೆ ಮನೆಯ ದಾರಿ ಹಿಡಿದಳು. ಅಪ್ಪ ಹಿಂದೆ ಹಿಂದೆ ಬರುತ್ತ, ಗೆದ್ದ ಯುದ್ಧಕ್ಕೂ ನೆನಪು ಮಾಡುತ್ತಾರೆ, ಬದುಕಿದ್ದವರಿಗೂ ಮಾಡುತ್ತಾರೆ ಎಂದು ವಿವರಿಸಿದ್ದೇ ವಿವರಿಸಿದ್ದು. ಆಯಿ ಕೇಳಿಸಿಕೊಂಡರೆ ತಾನೆ! ನನಗೆ ಆಗಲೇ ತಲೆ ಗಿರ್ರ್ ಎನ್ನುತ್ತಿತ್ತು. ಸರ್ಕಾರವೇ ಮಾಡಿದ ರೊಕ್ಕ, ಖರೆಯ ರೊಕ್ಕ, ಆದರೆ ಅದರಿಂದ ಒಂದು ಹುರಿಗಡಲೆ ಪುಟಾಣಿ ಕೂಡ ಬರುವುದಿಲ್ಲ. ಮತ್ತೆ ನೂರು ಎಂದು ಯಾಕೆ ಬರೆದರು?

ಸಂಜೆ ಮಾಳಿಗೆಯ ಮೇಲೆ ಗೌರತ್ತಿ ಒಣಗಿದ ರೊಟ್ಟಿ ಎತ್ತಿಡುತ್ತಿದ್ದಳು. ನಾನು ಪುಸ್ತಕದ ಹಾಳೆಯ ಕೆಳಗೆ ನಾಣ್ಯ ಇಟ್ಟು ಪೆನ್ಸಿಲ್ ತಿಕ್ಕಿ ವಿಮಾನ ಮೂಡಿಸುತ್ತಿದ್ದೆ. ಮೊದಲು ಮೂಗು ಮೂಡುತ್ತಿತ್ತು, ಆಮೇಲೆ ರೆಕ್ಕೆ. ನನಗೆ ಅದರಷ್ಟು ಮಜಾ ಯಾವ ಆಟದಲ್ಲೂ ಇರಲಿಲ್ಲ. ಗೌರತ್ತಿ ಬಂದು ಪಕ್ಕ ಕೂತಳು.

"ಪಾರಿ, ಒಂದು ಮಾತು ಹೇಳ್ತೀನಿ. ಯಾರಿಗೂ ಹೇಳಂಗಿಲ್ಲ."

"ಹೇಳಬೇ."

"ಇದನ್ನ ಖರ್ಚು ಮಾಡಾಕ ಬಿಡಬ್ಯಾಡ. ಆಯಿ ಎಲ್ಲಿಗೆ ಹೋದ್ರೂ ನಿನ್ನ ಕರ್ಕಂಡು ಹೋಗ್ತಾಳ. ಏನರ ಮಾಡು, ಅಳು, ಹೊಟ್ಟಿ ನೋಯ್ತದ ಅನ್ನು. ಇದು ನನಗ ಬೇಕು."

"ಖರ್ಚು ಆಗಲಿಲ್ಲಂದ್ರ ಮದುವಿ ಇಲ್ಲ ಅಂತಾಳಲ್ಲ ಆಯಿ?"

ಗೌರತ್ತಿಗೂ ಅದು ಗೊತ್ತಿತ್ತು. ಮದುವೆಯೂ ಬೇಕು, ನಾಣ್ಯವೂ ಬೇಕು. ಆಮೇಲೆ ರೊಟ್ಟಿಯ ತುಂಡು ಮುರಿದು ನನ್ನ ಬಾಯಿಗಿಟ್ಟು ಹೇಳಿದಳು: "ನೋಡಾಕ ಬಂದಾಗ ಎಲ್ಲಾರೂ ನನಗ ರೊಟ್ಟಿ ಬಡಿಯಾಕ ಬರ್ತದೇನು, ಹೊಲಿಯಾಕ ಬರ್ತದೇನು ಅಂತ ಕೇಳಿದ್ರು. ಅವರೊಬ್ಬರು, ನಾ ನಿನಗ ಒಪ್ಪಿಗ್ಯಾದೆನೇನು ಅಂತ ಕೇಳಿದ್ರು. ನನ್ನ ಅಂಥಾದ್ದು ಯಾರೂ ಕೇಳಿದ್ದಿಲ್ಲ ಪಾರಿ."

ಆಕೆಯ ಕಣ್ಣಲ್ಲಿ ನೀರು ನಿಂತಿತು. ನಾನು ಹೂಂ ಎಂದೆ. ಸಕ್ಕರೆ ತರಲು ಜೊತೆಗೆ ಬರುತ್ತೇನೆಂದು ಆಯಿಗೆ ಆಗಲೇ ಹೂಂ ಎಂದಿದ್ದೆ, ಈಗ ಇವಳಿಗೂ ಹೂಂ ಎಂದೆ. ಎರಡು ಹೂಂ ಹೊಟ್ಟೆಯಲ್ಲಿಟ್ಟುಕೊಂಡು ಆ ರಾತ್ರಿ ಉಂಡದ್ದು ಮೈಗೆ ಹತ್ತಲಿಲ್ಲ.

ಮುಂದಿನ ಪ್ರಯಾಣ ಸಿಂಧನೂರಿಗೆ. ದೊಡ್ಡ ಊರು, ದೊಡ್ಡ ವ್ಯಾಪಾರ, ಅಲ್ಲಿಯವರು ಎಲ್ಲ ನಮೂನೆಯ ರೊಕ್ಕ ನೋಡಿರುತ್ತಾರೆ ಎಂಬುದು ಆಯಿಯ ಲೆಕ್ಕ. ನಮ್ಮ ಕಡೆಯ ಜೋಳದ ಹೊಲಗಳು ಮುಗಿದು ಕಾಲುವೆಯ ಸೀಮೆ ಶುರುವಾದರೆ ಗಾಳಿಯ ವಾಸನೆಯೇ ಬೇರೆ. ರೈಸ್ ಮಿಲ್ಲುಗಳ ಬಿಸಿ ತೌಡಿನ ವಾಸನೆ ಬಸ್ಸಿನೊಳಗೇ ಬರುತ್ತಿತ್ತು. ಒಂದು ಅಂಗಡಿಯಲ್ಲಿ ನಕ್ಕರು, ಇನ್ನೊಂದರಲ್ಲಿ "ನಕಲಿ ಇರ್ಬೇಕು, ಒಯ್ಯಬೇ" ಎಂದು ಗದರಿದರು. ಅವರು ಬೇಡ ಎಂದಾಗಲೆಲ್ಲ ಗೌರತ್ತಿಗಾಗಿ ಖುಷಿ, ಮರುಗಳಿಗೆಗೆ ಗೌರತ್ತಿಗಾಗಿಯೇ ಹೆದರಿಕೆ. ನಾನು ಅಳಬೇಕೋ ನಗಬೇಕೋ ತಿಳಿಯದೆ ಆಯಿಯ ಸೆರಗು ಹಿಡಿದು ನಡೆದೆ.

ಮೂರನೆಯದು ತೆಲುಗಿನವರ ಅಂಗಡಿ. ಕಾಲುವೆ ಬಂದಾಗ ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನ ಕಡೆಯವರು, ಬೆಳ್ಳನೆಯ ಪಂಚೆ, ಬೆಳ್ಳನೆಯ ಅಂಗಿ. ನಾಣ್ಯ ನೋಡಿದ್ದೇ ಅವರ ಕಣ್ಣು ಅರಳಿತು.

"ಅಮ್ಮಾ, ಇದು ಯಾರ್ದು? ನನ್ನ ಮಗ ಇಂಥವು ಕೂಡಿಸ್ತಾನೆ. ನೂರು ಯಾಕೆ, ಐನೂರು ಕೊಡ್ತೀನಿ, ಕೊಟ್ಟು ಹೋಗಿ."

ಆಯಿ ಎರಡು ಹೆಜ್ಜೆ ಹಿಂದೆ ಸರಿದಳು. "ನೂರು ಅಂತ ಬರದದ್ದಕ್ಕ ಐನೂರು ಯಾಕ ಕೊಡ್ತೀಯಪ್ಪ?"

"ಸಿಗೋದಿಲ್ಲ ಅಮ್ಮಾ, ಅದಕ್ಕೆ."

"ಸಿಗದಿದ್ದದ್ದು ಅವರಿಗೆ ಹೆಂಗ ಸಿಕ್ತು?" ಎಂದು ಆಯಿ ನನ್ನ ಕೈ ಹಿಡಿದು ಎಳೆದುಕೊಂಡು ರಸ್ತೆಗೆ ಬಂದೇಬಿಟ್ಟಳು. ಬಸ್‌ಸ್ಟ್ಯಾಂಡಿನಲ್ಲಿ ಕೂತು ಏದುಸಿರು ಬಿಡುತ್ತ ತನಗೆ ತಾನೇ ಮಾತಾಡತೊಡಗಿದಳು. "ಒಬ್ಬ ಸಕ್ಕರಿ ಪುಕ್ಕಟ ಕೊಡ್ತೀನಿ, ಇದು ಬ್ಯಾಡ ಅಂತಾನ. ಒಬ್ಬ ಐನೂರು ಅಂತಾನ. ಒಬ್ಬ ಸತ್ತೋರ ನೆನಪು ಅಂತಾನ. ಇದರ ಬೆಲಿನ ಗೊತ್ತಾಗವಲ್ದು. ನನ್ನ ಕೂಸಿನ್ನ ಎಂಥವರ ಮನಿಗೆ ಕೊಡಾಕತ್ತೀನೋ, ಶಿವನೇ."

ನಾನು ಮಿರ್ಚಿ ಭಜಿ ಕೇಳಿದೆ. ಕೊಡಿಸಲಿಲ್ಲ. ಆಯಿ ನನಗೆ ಭಜಿ ಕೊಡಿಸದೆ ಬಂದದ್ದು ಅದೊಂದೇ ಸಲ.

ಎಳ್ಳಮಾಸಿ ಹತ್ತಿರ ಬಂದಿತ್ತು. ಬೆಳಿಗ್ಗೆ ಎದ್ದ ಆಯಿ ತಲೆ ಬಾಚಿಕೊಂಡು, ಹೊಸ ಸೀರೆ ಉಟ್ಟು, "ಪಾರಿ, ನಡಿ ಲಿಂಗಸುಗೂರಿಗೆ" ಎಂದಳು. ಇಷ್ಟು ದಿನ ಹೊಳೆಯದ ಉಪಾಯ ಹೊಳೆದಿತ್ತು. ನೀಲಮ್ಮನದೇ ಸಣ್ಣ ಅಂಗಡಿಯಿದೆ, ಮಂಡಾಳು ಅಂದರೆ ಮಂಡಕ್ಕಿ, ಪುಟಾಣಿ, ಸಕ್ಕರೆ ಮಾರುತ್ತಾಳೆ. ತಾನು ಕೊಟ್ಟ ರೊಕ್ಕವನ್ನು ತಾನೇ ಬೇಡ ಎನ್ನುವುದು ಹೇಗೆ? ಅಲ್ಲಿಯೇ ಕೊಟ್ಟು ಸಕ್ಕರೆ ತಂದರೆ ಮುಗಿಯಿತು. ಬೀಗರ ಅಂಗಡಿ, ಸ್ವಂತದ್ದಲ್ಲವಲ್ಲ. ಅಪ್ಪನಿಗೂ ಅದು ಸರಿ ಅನಿಸಿತು. ಗೌರತ್ತಿ ಬಾಗಿಲ ಮರೆಯಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಕಣ್ಣು ತಪ್ಪಿಸಿದೆ.

ಬಸ್ಸಿನಲ್ಲಿ ಸಂತೆಕಲ್ಲೂರಿನ ಹೆಂಗಸೊಬ್ಬಳು ಪಕ್ಕದಲ್ಲಿದ್ದಳು. ಯಾವೂರು, ಯಾರ ಮನೆಗೆ ಎಂದು ಕೇಳಿದಳು. ಆಯಿ ಮಗಳ ಸಂಬಂಧ ಹೇಳಿ, ಆಮೇಲೆ ಕಿಟಕಿಯಾಚೆ ನೋಡುತ್ತ ಒಮ್ಮೆಲೇ ಅಂದಳು: "ಹುಡುಗ ಚಲೋ ಅದಾನ್ರಿ. ಆದ್ರ ದಿನಾ ಮ್ಯಾಲ ಹೋಗ್ತಾನಂತ. ಮ್ಯಾಲ ಹೋದೋನು ತಿರುಗಿ ಕೆಳಗ ಬರಬೇಕಲ್ರಿ. ಬರಲಿಲ್ಲಂದ್ರ ನನ್ನ ಮಗಳು ಏನ್ ಮಾಡ್ಬೇಕು?"

ಆಗ ನನಗೆ ಸ್ವಲ್ಪ ತಿಳಿಯಿತು. ಆಯಿ ಹೆದರಿದ್ದು ನಾಣ್ಯಕ್ಕಲ್ಲ. ಆ ಚೂಪು ಮೂಗಿನ ವಿಮಾನದೊಳಗೆ ಆಕೆಗೆ ಶರಣಬಸವ ಕಾಣುತ್ತಿದ್ದ. ಅದನ್ನು ಬಾಯಿಬಿಟ್ಟು ಅಂದರೆ ಅಪಶಕುನವೆಂದು ಮನೆಯಲ್ಲಿ ಯಾರ ಮುಂದೆಯೂ ಅಂದಿರಲಿಲ್ಲ. ನನಗೆ ಆಯಿಯ ಮೇಲೆ ಬಹಳ ಮರುಕ ಬಂದು ಆಕೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟೆ.

ನೀಲಮ್ಮನ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಅಂಗಡಿಯೇನು, ಮನೆಯ ಕಟ್ಟೆಯ ಮೇಲೆ ನಾಲ್ಕು ಡಬ್ಬಿ, ಮಂಡಾಳಿನ ಚೀಲ, ಒಂದು ತಕ್ಕಡಿ. ನಮ್ಮನ್ನು ನೋಡಿ ಆಕೆಗೆ ಸಂಭ್ರಮವೂ ಗಾಬರಿಯೂ ಒಟ್ಟಿಗೆ ಆದವು. "ಬರ್ರಿ ಅಕ್ಕಾರ, ಹೇಳಿ ಕಳಸಬಾರ್ದೇನ್ರಿ, ಒಂದು ಹೋಳಿಗಿನಾದ್ರೂ ಮಾಡ್ತಿದ್ದೆ," ಎಂದು ಚಾಪೆ ಹಾಸಲು ಹೋದಳು.

"ಚಾಪಿ ಇರ್ಲಿ. ಮೊದ್ಲ ಸಕ್ಕರಿ ಕಟ್ರಿ," ಎಂದು ಆಯಿ ಮುಖ ಬಿಗಿದುಕೊಂಡೇ ನಾಣ್ಯವನ್ನು ತಕ್ಕಡಿಯ ಪಕ್ಕ ಇಟ್ಟಳು.

ನೀಲಮ್ಮನ ಕೈ ಅಲ್ಲಿಯೇ ನಿಂತಿತು. ನಾಣ್ಯವನ್ನು ನೋಡಿದಳು, ಆಯಿಯನ್ನು ನೋಡಿದಳು.

"ಅಕ್ಕಾರ... ಉಡಿದು ವಾಪಸ್ ತಂದ್ರೇನ್ರಿ? ನಮ್ಮ ಹುಡುಗನ ಕಡಿಂದ ಏನ್ ತಪ್ಪಾತ್ರಿ?"

ಆಯಿ ಬೆಚ್ಚಿದಳು. ಉಡಿಯ ರೊಕ್ಕವನ್ನು ಕೊಟ್ಟವರ ಕೈಗೇ ತಿರುಗಿ ಕೊಡುವುದೆಂದರೆ ಸಂಬಂಧ ಮುರಿದಂತೆ. ನಮ್ಮೂರ ಸಣ್ಣ ಹುಡುಗಿಯರಿಗೂ ಗೊತ್ತಿರುವ ಮಾತು. ಸಕ್ಕರೆಯ ಗುಂಗಿನಲ್ಲಿ ಇಡೀ ಮನೆಗೆ ಮನೆಯೇ ಅದನ್ನು ಮರೆತಿತ್ತು. ಆಯಿ ನಾಣ್ಯದ ಕಡೆಗೆ ಕೈ ಚಾಚಿ, ಮತ್ತೆ ಹಿಂದಕ್ಕೆಳೆದುಕೊಂಡಳು. ಕೊಡಲೆಂದು ಇಟ್ಟದ್ದನ್ನು ತಿರುಗಿ ಎತ್ತಿಕೊಂಡರೆ ಸಕ್ಕರೆ ಬೇಡ, ಮದುವೆಯೂ ಬೇಡ ಎಂದಂತೆ. ನೀಲಮ್ಮ ಇಟ್ಟುಕೊಂಡರೆ ಮದುವೆ ಮುರಿದಂತೆ. ನಾಣ್ಯ ತಕ್ಕಡಿಯ ಪಕ್ಕ ಹಾಗೇ ಬಿದ್ದಿತ್ತು, ಇಬ್ಬರೂ ಅದನ್ನು ನೋಡುತ್ತ ನಿಂತಿದ್ದರು.

"ವಾಪಸ್ ಅಲ್ಲವ್ವ! ಸಕ್ಕರಿಗೆ, ಸಕ್ಕರಿಗೆ!" ಆಯಿಯ ದನಿ ಏರಿತು. "ಯಾವ ಅಂಗಡ್ಯಾಗೂ ತಗಳವಲ್ರು. ಬಾಂಬ್ ಹಾಕೋ ಇಮಾನದ್ದು, ಸತ್ತೋರ ನೆನಪಿಂದು, ಇಂಥಾದ್ದು ಯಾಕ ಹಾಕಿದ್ರಿ ನೀವು ನನ್ನ ಮಗಳ ಉಡ್ಯಾಗ?"

"ನಮ್ಮ ಮನ್ಯಾಗ ಅದಕ್ಕಿಂತ ಒಳ್ಳೇದು ಮತ್ತೊಂದು ಇದ್ದಿಲ್ರಿ ಅಕ್ಕಾರ!" ನೀಲಮ್ಮ ಬಿಕ್ಕಿ ಬಿಕ್ಕಿ ಅತ್ತಳು. "ಅಂವ ಮೊದಲನೇ ಪಗಾರದಾಗ ತರಿಸಿ ನನಗ ಕೊಟ್ಟದ್ದು. ದೇವರ ಜಗಲಿ ಮ್ಯಾಲ ಲಿಂಗಪ್ಪನ ಪಕ್ಕ ಇಟ್ಟಿದ್ದೆ. ಸೋಮಾರಕ್ಕೊಮ್ಮೆ ವಿಭೂತಿ ಹಚ್ಚಿ, ನನ್ನ ಮಗ ಕೆಲಸ ಮಾಡೋ ಇಮಾನ ಇದು, ಕಾಯಪ್ಪ ಅಂತ ಬೇಡ್ಕಂತಿದ್ದೆ."

ನಾಣ್ಯದ ಗೆರೆಗಳಲ್ಲಿದ್ದ ಆ ಬಿಳಿ ಪುಡಿ ವಿಭೂತಿ. ಗಲಾಟೆ ಕೇಳಿ, ರಜೆ ಇನ್ನೂ ಮುಗಿಯದ ಶರಣಬಸವ ಒಳಗಿನಿಂದ ಬಂದ. ಬನಿಯನ್ನು, ಲುಂಗಿ, ಕೈಯಲ್ಲಿ ಅರ್ಧ ತಿಂದ ರೊಟ್ಟಿ. ಆಯಿ ಆತನನ್ನು ನೋಡಿದ್ದೇ, ಬಸ್ಸಿನಲ್ಲಿ ಅಂದಿದ್ದನ್ನು ನೇರವಾಗಿ ಕೇಳಿಬಿಟ್ಟಳು.

"ಯಪ್ಪಾ, ನೀ ದಿನಾ ಮ್ಯಾಲ ಹೋಗ್ತೀಯಂತ. ನಿನಗ ಏನರ ಆದ್ರ ನನ್ನ ಗೌರಿ ಗತಿ ಏನು? ಖರೆ ಹೇಳು."

ಆತ ಕಣ್ಣು ಕಣ್ಣು ಬಿಟ್ಟ. "ನಾ ಯಾಕ ಮ್ಯಾಲ ಹೋಗ್ಲಿ ಆಯಿ? ನಾ ಹಾರ್ಸಂಗಿಲ್ಲ. ಗಾಲಿ ನೋಡ್ತೀನಿ. ಇಮಾನ ಬಂದು ನಿಂತ ಮ್ಯಾಲ ಗಾಲಿ, ಬ್ರೇಕು ಬರಾಬರಿ ಅದಾವೇನು ನೋಡೋದು. ಇವತ್ತಿನತನ ಒಂದು ಸಲನೂ ಅದರಾಗ ಕುಂತಿಲ್ಲ."

"ನೆಲದ ಮ್ಯಾಲ ಇರ್ತೀಯಾ?"

"ನೆಲದ ಮ್ಯಾಲ."

"ಹಾಟ್ಯಾ! ಮೊದ್ಲ ಹೇಳಬಾರ್ದೇನಲೇ!" ಎಂದು ಆಯಿ ಕಟ್ಟೆಯ ಮೇಲೆ ಕುಸಿದು ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳೋ ಅತ್ತಳೋ, ನನಗೆ ಗೊತ್ತಾಗಲಿಲ್ಲ. ಬರಲಿರುವ ಅಳಿಯನಿಗೆ ಹಾಟ್ಯಾ ಎಂದು ಬೈದು, ಲೇ ಎಂದದ್ದು ಆಕೆಗೂ ಗೊತ್ತಾಗಲಿಲ್ಲ. ನಾನು ಮಾತ್ರ ಒಳಗೊಳಗೇ ಪೆಚ್ಚಾದೆ. ನಮ್ಮ ಮಾವ ವಿಮಾನ ಹಾರಿಸುತ್ತಾನೆ ಎಂದು ಇಡೀ ಶಾಲೆಗೆ ಹೇಳಿಕೊಂಡು ಬಂದಿದ್ದೆ.

ನಾಣ್ಯ ಇನ್ನೂ ಅಲ್ಲಿಯೇ ಇತ್ತು. ನೀಲಮ್ಮ ಮುಖ ಒರೆಸಿಕೊಂಡಳು. ತಕ್ಕಡಿ ಎತ್ತಿ, ಐದು ಮನೆಗೆ ಸಾಲುವಷ್ಟು ಸಕ್ಕರೆ ತೂಗಿ ಪೊಟ್ಟಣ ಕಟ್ಟಿ ಆಯಿಯ ಕೈಗಿತ್ತಳು. ಆಮೇಲೆ ನನ್ನನ್ನು ಹತ್ತಿರ ಕರೆದಳು. "ಲಂಗದ ಉಡಿ ಹಿಡಿ ಕೂಸ," ಎಂದಳು. ನಾನು ಹಿಡಿದೆ. ಒಂದು ಹಿಡಿ ಅಕ್ಕಿ, ಒಂದು ತುಂಡು ಬೆಲ್ಲ, ಅದರ ಮೇಲೆ ಆ ನಾಣ್ಯ.

"ನಾ ಇಟ್ಕಳ್ಳಿಲ್ರಿ ಅಕ್ಕಾರ. ಸಕ್ಕರಿಗೆ ಬಂತು, ಸಣ್ಣ ಕೂಸಿನ ಉಡಿಗೆ ಹೋತು. ಈಗ ವಾಪಸ್ ಹೆಂಗಾಕ್ಕೇತಿ?"

ಆಯಿ ಆಕೆಯ ಎರಡೂ ಕೈ ಹಿಡಿದುಕೊಂಡಳು. ಆ ದಿನ ನಾವು ಅಲ್ಲಿಯೇ ಉಂಡೆವು. ಬಿಸಿ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು. ಶರಣಬಸವ ಮಾವ ನನಗೆ ತಾನೇ ಹೋಗಿ ಮಿರ್ಚಿ ಭಜಿ ತಂದುಕೊಟ್ಟ. ಇಬ್ಬರು ಬೀಗತಿಯರು ಮಾತಿಗೆ ಕೂತರೆ ಏಳುವ ಹೆಸರೇ ಇಲ್ಲ, ಕೊನೆಗೆ ನಾನೇ ಬಸ್ಸು ಹೋಗುತ್ತದೆ ಎಂದು ಎಬ್ಬಿಸಿಕೊಂಡು ಬಂದೆ.

ಐದು ಮನೆಗೆ ಸಕ್ಕರೆ ಹೋಯಿತು, ಎಳ್ಳಮಾಸಿಗೆ ಹೊಲದಲ್ಲಿ ಉಂಡದ್ದೂ ಆಯಿತು. ಗೌರತ್ತಿಯ ಮದುವೆ ಗಟ್ಟಿಯಾಗಿತ್ತು, ಆದರೆ ನಾಣ್ಯ ನನ್ನದಾಗಿತ್ತು. ಕೊಟ್ಟುಬಿಡೋಣವೆಂದರೆ, ಇದು ಮದುವೆಯ ಉಡಿಯದ್ದಲ್ಲ, ಕೂಸಿನ ಉಡಿಯದ್ದು, ಮತ್ತೊಬ್ಬರಿಗೆ ಕೊಡುವ ಹಾಗಿಲ್ಲ ಎಂದು ಆಯಿ ಕಣ್ಣು ಬಿಟ್ಟಳು. ಗೌರತ್ತಿ ನನ್ನ ಜೊತೆ ಮಾತು ಬಿಟ್ಟಳು. ನನಗೆ, ಏನು ಮಾಡಿದರೂ ತಪ್ಪಾಗುವ ಈ ನಾಣ್ಯವನ್ನು ಹಳ್ಳಕ್ಕೆ ಎಸೆದುಬಿಡೋಣ ಎನ್ನುವಷ್ಟು ಸಿಟ್ಟು ಬಂದಿತ್ತು. ದಾರಿ ತೋರಿಸಿದವಳು ಅವ್ವ. ಮದುವೆಯಲ್ಲಿ ಮದುಮಗಳ ಹಿಂದೆ ಕಳಸ ಹಿಡಿದು ನಿಲ್ಲುವ ಕಳಸಗಿತ್ತಿ ಕಳಸದೊಳಗೆ ತನ್ನದೊಂದು ನಾಣ್ಯ ಹಾಕಬೇಕು, ಆ ಕಳಸ ಮದುಮಗಳ ಜೊತೆಗೇ ಹೋಗುತ್ತದೆ. ನಾನೇ ಕಳಸಗಿತ್ತಿಯಾದೆ. ನಾಣ್ಯ ನೀರಿಗೆ ಬಿದ್ದ ಸದ್ದಿಗೆ ಗೌರತ್ತಿ ಬಾಸಿಂಗದೊಳಗಿಂದ ತಿರುಗಿ ನೋಡಿದಳು. ಅಂಥ ನಗುವನ್ನು ನಾನು ಆಮೇಲೆ ಯಾರ ಮದುವೆಯಲ್ಲೂ ಕಂಡಿಲ್ಲ.

ಈಗ ಆಯಿ ಇಲ್ಲ. ನೀಲಮ್ಮನ ಕಟ್ಟೆಯ ಅಂಗಡಿಯ ಜಾಗದಲ್ಲಿ ಮೊಬೈಲ್ ಅಂಗಡಿಯಾಗಿದೆ. ಸಕ್ಕರೆಯಿರಲಿ, ಎರಡು ಪೇರಲ ಹಣ್ಣಿಗೂ ಫೋನು ತೋರಿಸುತ್ತೇವೆ, ರೊಕ್ಕ ಖರೆಯದೋ ಖೊಟ್ಟಿಯೋ ಎಂದು ಯಾರೂ ತಿರುಗಿಸಿ ನೋಡುವುದಿಲ್ಲ.

ನನ್ನ ಮದುವೆಯೂ ಹಾಗೇ ಆಯಿತು. ಹುಡುಗನ ಫೋಟೋ ಫೋನಿನಲ್ಲಿ ಬಂತು, ಪಗಾರ ಫೋನಿನಲ್ಲಿ ಗೊತ್ತಾಯಿತು, ಮನೆಯನ್ನೂ ಫೋನಿನಲ್ಲೇ ಒಳಗೆ ಹೊರಗೆ ತಿರುಗಿಸಿ ತೋರಿಸಿದರು. ಉಡಿಯ ಸಾಮಾನು ಅಂಗಡಿಯಿಂದ ಪ್ಯಾಕೆಟ್ ಆಗಿ ಬಂದಿತ್ತು, ಒಂದು ರೂಪಾಯಿಯ ನಾಣ್ಯವೂ ಅದರಲ್ಲೇ ಅಂಟಿಸಿದ್ದರು. ಬೇರೆ ನಮೂನೆಯದು ಏನೂ ಇರಲಿಲ್ಲ. ಆದ್ದರಿಂದ ಯಾರಿಗೂ ಗೊಂದಲವಾಗಲಿಲ್ಲ, ಯಾರೂ ಏನೂ ಕೇಳಲಿಲ್ಲ, ಯಾರೂ ಬಸ್ಸು ಹತ್ತಲಿಲ್ಲ. ಆ ಮದುವೆ ಉಳಿಯಲಿಲ್ಲ. ಅಲ್ಲಿ ಏನಾಯಿತೆಂದು ಇಲ್ಲಿ ಬರೆಯುವುದಿಲ್ಲ. ಒಂದು ಚೀಲದೊಂದಿಗೆ ಮಸ್ಕಿಗೆ ತಿರುಗಿ ಬಂದೆ.

ಸುದ್ದಿ ಕೇಳಿ ಗೌರತ್ತಿ ಬಂದಳು. ಶರಣಬಸವ ಮಾವನ ವರ್ಗಾವಣೆಗಳ ಬೆನ್ನು ಹತ್ತಿ ಎಲ್ಲೆಲ್ಲೋ ಇದ್ದು ಬಂದವಳ ಕೂದಲು ನರೆತಿತ್ತು. ಎಲ್ಲರ ಹಾಗೆ ಯಾಕೆ, ಏನು ಎಂದು ಕೇಳಲಿಲ್ಲ. ಕಟ್ಟೆಯ ಮೇಲೆ ನನ್ನ ಪಕ್ಕ ಕೂತು, ಬಹಳ ಹೊತ್ತು ನನ್ನ ಬೆನ್ನು ಸವರಿದಳು.

"ಆಯಿ ಇದ್ದಿದ್ರ," ಎಂದಳು, "ಏನರ ಒಂದು ನೆಪ ತಗದು ಆ ಊರಿಗೆ ಹೋಗಿ, ಅವರ ಕಟ್ಟಿ ಮ್ಯಾಲ ಕುಂತು, ಜಗಳಾನರ ಆಡಿ ನೋಡಿ ಬರ್ತಿದ್ಳು ಪಾರಿ."

ಆ ಮನೆ ಬಿಟ್ಟು ಬಂದ ದಿನ ಬಾರದ ಅಳು ನನಗೆ ಅವತ್ತು ಬಂತು.